ಹೊಗೆಯ ಬಗ್ಗೆ ಬರೆದ ಎರಡು ಕಾಗದ

ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ನಾನು ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದೆ. ಲಕ್ಕೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನನ್ನ ಎದುರಿನ ಮೇಜು, ಕಂಪನಿಯ ವರದಿ, ಸಭೆಗಳ ಕಾಗದಪತ್ರ ನೋಡಿಕೊಳ್ಳುವ ಕಂಪನಿ ಸೆಕ್ರೆಟರಿಯವರದು. ಮುಳಬಾಗಿಲಿನ ಅರ್ಚಕರ ಮನೆತನ, ನನ್ನ ಅಪ್ಪನ ವಯಸ್ಸು. ನಾನು ತಪ್ಪು ಮಾಡಿದರೆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕಿ ಇಡುತ್ತಿದ್ದರೇ ಹೊರತು ಯಾರೆದುರೂ ಹೇಳುತ್ತಿರಲಿಲ್ಲ. ನಿಂತುಹೋಗಿದ್ದ ಬಿ.ಕಾಂ. ಮುಗಿಸುವಂತೆ ಬೆನ್ನು ಹತ್ತಿದವರೂ ಅವರೇ.

ಆ ವರ್ಷದ ವಾರ್ಷಿಕ ವರದಿಯಲ್ಲಿ, ಭೂಮಿ ಬಿಸಿಯಾಗುತ್ತಿರುವುದು ನಮಗೂ ಕಳವಳದ ಸಂಗತಿ, ಕಲ್ಲಿದ್ದಲಿನ ಹೊಗೆ ತಗ್ಗಿಸುವ ಸರ್ಕಾರದ ನಿಯಮವನ್ನು ಸ್ವಾಗತಿಸುತ್ತೇವೆ ಎಂದು ಟೈಪ್ ಮಾಡಿದೆ. ಅದೇ ವಾರ ಕಂಪನಿಯ ಯಜಮಾನರು ಟೈಪ್ ಮಾಡಲು ಇನ್ನೊಂದು ಕಾಗದ ಕೊಟ್ಟರು. ಅದು ಕಾರ್ಖಾನೆ ಮಾಲೀಕರ ಸಂಘ ಮಂತ್ರಿಗಳಿಗೆ ಬರೆದದ್ದು. ಅದೇ ನಿಯಮವನ್ನು ಕೈಬಿಡಬೇಕೆಂಬ ಮನವಿ. ಸಹಿಗಳಲ್ಲಿ ಮೊದಲನೆಯದು ನಮ್ಮ ಕಂಪನಿಯದು.

ಸೆಕ್ರೆಟರಿಯವರು ಎರಡನ್ನೂ ಪಕ್ಕಪಕ್ಕ ಇಟ್ಟರು.

"ಎರಡೂ ನೀನೇ ಟೈಪ್ ಮಾಡಿದ್ದಲ್ವೇನಮ್ಮಾ?"

"ಹೌದು ಸಾರ್."

"ಓದಿದ್ಯಾ?"

"ಇಲ್ಲ ಸಾರ್, ಟೈಪ್ ಮಾಡ್ದೆ ಅಷ್ಟೆ."

ನಕ್ಕರು. "ಈಗ ಓದು."

ಓದಿದೆ. ನನಗೇ ನಾಚಿಕೆಯಾಯಿತು. ಅವರು ಯಜಮಾನರ ಕೋಣೆಗೆ ಹೋಗಿ, ಈ ಮನವಿಯನ್ನೂ ವರದಿಯಲ್ಲಿ ಸೇರಿಸೋಣ, ಷೇರುದಾರರಿಗೆ ತಿಳಿಯಬೇಕು ಎಂದರು. "ಸಂಘದ ಕಾಗದ ಸಂಘದ್ದು, ನಮಗೇನ್ರೀ?" ಎಂಬ ಉತ್ತರ ನನಗೂ ಕೇಳಿಸಿತು.

ಷೇರುದಾರರ ಸಭೆ ಕ್ಯಾಂಟೀನಿನಲ್ಲಿ ನಡೆಯಿತು. ನಡಾವಳಿ ಬರೆದುಕೊಳ್ಳುವ ಕೆಲಸ ನನ್ನದು. ಶ್ರೀನಿವಾಸಪುರದ ನಿವೃತ್ತ ಮೇಷ್ಟ್ರೊಬ್ಬರು ಎದ್ದರು.

"ನಮ್ ಕಡೆ ಮಾವು ಹೂ ಬಿಡೋ ಕಾಲಾನೇ ತಪ್ಪೋಗಿದೆ. ಈ ಹೊಗೆ ವಿಷ್ಯದಲ್ಲಿ ಸರ್ಕಾರಕ್ಕೆ ಏನಾದ್ರೂ ಬರ್ದಿದೀರಾ?"

"ಏನೂ ಬರ್ದಿಲ್ಲ," ಎಂದರು ಯಜಮಾನರು.

ಸೆಕ್ರೆಟರಿಯವರು ನಿಂತರು. "ಬರ್ದಿದೀವಿ ಸಾರ್." ಮನವಿಯನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು.

ಮರುದಿನ ಯಜಮಾನರು ನನ್ನನ್ನು ಕರೆದು ನಡಾವಳಿಯಿಂದ ಆ ಭಾಗ ತೆಗೆಯಲು ಹೇಳಿದರು. "ಅದು ಸಭೇಲಿ ನಡೆದಿದ್ದು ಸಾರ್, ಹೇಗೆ ತೆಗೀಲಿ?" ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ! ಮೇಷ್ಟ್ರು ನಡಾವಳಿಯ ಪ್ರತಿ ಕೇಳಿ ಆಗಲೇ ಕಾಗದ ಕೊಟ್ಟಿದ್ದರಿಂದ ಆ ಭಾಗ ತೆಗೆಯುವಂತಿರಲಿಲ್ಲ, ನನ್ನ ಕೆಲಸವೂ ಉಳಿಯಿತು. ಸೆಕ್ರೆಟರಿಯವರದು ಉಳಿಯಲಿಲ್ಲ. ಹೊರಟ ದಿನ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು, "ಪರೀಕ್ಷೆ ಬಿಡ್ಬೇಡ ಕಣಮ್ಮಾ, ಬರ್ತೀನಿ," ಎಂದರು. ನಾನು ಬಾಗಿಲವರೆಗೂ ಹೋದೆ.

ಮುಂದಿನ ವರ್ಷ ಷೇರುದಾರರು ಪಟ್ಟು ಹಿಡಿದರು. ಕಂಪನಿ ತಾನಾಗಿ ಅಥವಾ ಸಂಘದ ಮೂಲಕ ಸರ್ಕಾರಕ್ಕೆ ಮಾಡಿದ ಮನವಿಗಳೆಲ್ಲ ವರದಿಯ ಒಂದು ಪುಟದಲ್ಲಿ ಅಚ್ಚಾದವು. ಆ ವರದಿಯನ್ನು ಸೆಕ್ರೆಟರಿಯವರ ಕೈಗೇ ಕೊಡಬೇಕೆಂದು ಭಾನುವಾರ ಮುಳಬಾಗಿಲಿಗೆ ಹೋದೆ. ಮನೆಯಲ್ಲಿ ಬೇರೆಯವರಿದ್ದರು. ಮಗಳ ಊರು ಮದನಪಲ್ಲಿಗೆ ಹೋದರಂತೆ, ವಿಳಾಸ ಗೊತ್ತಿಲ್ಲವಂತೆ.

ಬಸ್ ಸ್ಟ್ಯಾಂಡಿನಲ್ಲಿ ವರದಿ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಬಿ.ಕಾಂ. ಪಾಸಾಗಿದ್ದನ್ನೂ ಅವರಿಗೆ ಹೇಳಬೇಕಿತ್ತು. ಈಗಲೂ ಮದನಪಲ್ಲಿ ಬೋರ್ಡಿನ ಬಸ್ಸು ಕಂಡರೆ, ಹತ್ತಿ ಹೋಗಿ ಬೀದಿ ಬೀದಿ ಕೇಳಿಬಿಡೋಣ ಅನ್ನಿಸುತ್ತದೆ.