ಮೆಲ್ಲಗೆ ಮಾತಾಡಲೊಂದು ಕೋಣೆ

ಮೊನ್ನೆ ಸಾಗರದ ಅಂಗಡಿಯೊಂದರಲ್ಲಿ ಕಾರ್ಪೆಟ್ಟಿನ ಸುರುಳಿ ಬಿಚ್ಚಿ ತೋರಿಸಿದರು. ಹೊಸ ಅಂಟಿನ ಘಾಟು ಮೂಗಿಗೆ ಬಡಿದದ್ದೇ, ಕೋಣಂದೂರಿನ ಪಕ್ಕದ ಮನೆಯ ಅಕ್ಕ ನೆನಪಾದಳು. ಬಂಧುವಲ್ಲ, ನೆರೆಯವಳು. ನಾವು ಅಲ್ಲಿದ್ದಷ್ಟು ವರ್ಷವೂ ಅವಳನ್ನು ಅಕ್ಕ, ಅವಳ ಗಂಡನನ್ನು ಭಾವ ಎಂದೇ ಕರೆದು ರೂಢಿ.

ಭಾವನಿಗೆ ಕಿವಿ ಮಂದವಾಗಿತ್ತು. ಶಿವಮೊಗ್ಗದಿಂದ ಕಿವಿಗೆ ಮೆಷಿನ್ ತಂದದ್ದೂ ಆಯಿತು. ಟೈಲ್ಸ್ ಹಾಕಿದ ಅವರ ಮನೆಯ ದೊಡ್ಡ ಹಾಲಿನಲ್ಲಿ ಅದನ್ನು ಹಾಕಿಕೊಂಡರೆ ಮಾತು, ಮಿಕ್ಸಿ, ಪಾತ್ರೆ ಎಲ್ಲ ಗೋಡೆಗೆ ಬಡಿದು ಕಲಸುಮೇಲೋಗರ. ಸಿಟ್ಟು ಬಂದು ತೆಗೆದಿಡುತ್ತಿದ್ದರು. ಆಮೇಲೆ ಅಕ್ಕ ಕೂಗಬೇಕು. "ರೀ, ಹೊಟ್ಟೆ ಸರಿ ಆಯ್ತಾ?" ಎಂದು ಅವಳು ಕೂಗಿದರೆ ಬೀದಿಯೆಲ್ಲ ಭಾವನ ಹೊಟ್ಟೆ ವಿಚಾರಿಸುತ್ತಿತ್ತು. ಕ್ರಮೇಣ ಅವಳು ಕೂಗುವುದನ್ನೂ ಬಿಟ್ಟಳು... ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು. ಅಲ್ಲಿಂದ ಮಲಗುವವರೆಗೆ ಇಬ್ಬರೂ ಮಾತಿಲ್ಲದೆ ಕೂತಿರುತ್ತಿದ್ದರು. ನೋಡಿದರೆ ಸಂಕಟವಾಗುತ್ತಿತ್ತು.

ಅಂಥವಳು ಒಂದು ದಿನ ಹೋಮ್ ಥಿಯೇಟರ್ ಮಾಡಿಸುತ್ತೇನೆ ಎಂದಳು! ಹಿಂದಿನ ಕೋಣೆಗೆ ದಪ್ಪ ಕಾರ್ಪೆಟ್, ಗೋಡೆಗೆ ಬಟ್ಟೆ ಹೊದಿಸಿದ ಫೋಮ್ ಹಲಗೆ, ಕಿಟಕಿಗೆ ಎರಡು ಪದರದ ಪರದೆ. ಕೆಲಸದವರು ಚಪ್ಪಾಳೆ ತಟ್ಟಿ ಇನ್ನೂ ಪ್ರತಿಧ್ವನಿ ಬರುತ್ತದೆಯಾ ಎಂದು ನೋಡುವುದು, ಮುಖ ಸಿಂಡರಿಸುವುದು, ಇನ್ನೊಂದು ಹಲಗೆ ಬಡಿಯುವುದು. ಈ ವಯಸ್ಸಿನಲ್ಲಿ ಎಂಥ ಸಿನಿಮಾ ಹುಚ್ಚು ಎಂದು ಬೀದಿಯವರು ಆಡಿಕೊಂಡರು.

ಮೊದಲ ದಿನ ನನ್ನನ್ನೂ ಕರೆದಿದ್ದಳು. ಭಾವ ಮೆಷಿನ್ ಹಾಕಿಕೊಂಡು ಒಲ್ಲದ ಮುಖದಲ್ಲಿ ಕೂತಿದ್ದರು. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಕತ್ತಲಲ್ಲಿ ಅಕ್ಕ ಮೆಲ್ಲಗೆ, "ಟಾರ್ಚ್ ತರ್ಲಾ?" ಎಂದಳು. ನನ್ನನ್ನೇ ಕೇಳಿದಳು ಅಂದುಕೊಂಡೆ.

"ಬೇಡ, ಕೂತ್ಕೋ," ಎಂದರು ಭಾವ.

ಕರೆಂಟ್ ಬಂದಾಗ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಆಮೇಲೆ ಅಲ್ಲಿ ಸಿನಿಮಾ ಓಡಿದ್ದು ಅಪರೂಪ. ಸಂಜೆ ಊಟ ಮುಗಿಸಿ ಇಬ್ಬರೂ ಒಳಹೋಗಿ ಬಾಗಿಲು ಹಾಕಿಕೊಂಡರೆ... ಏನು ಮಾತಾಡುತ್ತಿದ್ದರೋ, ನಮಗಂತೂ ಒಂದಕ್ಷರ ಕೇಳುತ್ತಿರಲಿಲ್ಲ. "ಇಷ್ಟೆಲ್ಲ ಮಾಡಿಸಿ ಸಿನಿಮಾನೇ ನೋಡೋದಿಲ್ವಲ್ಲ ಅಕ್ಕ," ಎಂದು ಕೆಣಕಿದೆ.

"ಸಿನಿಮಾ ಯಾರಿಗೆ ಬೇಕಿತ್ತು ಮಾರಾಯ್ತಿ? ಎಲ್ಲ ಮಾತೂ ಕೂಗಿ ಹೇಳಕ್ಕಾಗ್ತದಾ?"

ಅಕ್ಕ ತೀರಿಹೋಗಿ ಈ ಮಳೆಗಾಲಕ್ಕೆ ವರ್ಷ ತುಂಬಿತು. ಅಂಗಡಿಯಿಂದ ಬಂದ ಮರುದಿನವೇ ಕೋಣಂದೂರಿನ ಬಸ್ ಹತ್ತಿದೆ. ಭಾವ ಆ ಕೋಣೆಯಲ್ಲೇ ಇದ್ದರು. ಕಾರ್ಪೆಟ್ಟಿಗೆ ಅಲ್ಲಲ್ಲಿ ಬೂಷ್ಟು ಹಿಡಿದಿತ್ತು. ನಾನು "ಹ್ಯಾಗಿದ್ದೀರಿ ಭಾವ?" ಎಂದು ಗಟ್ಟಿಯಾಗಿ ಕೂಗಿದೆ.

"ಕೂಗ್ಬೇಡ. ಇಲ್ಲಿ ಮೆಲ್ಲಗೆ ಹೇಳಿದ್ರೂ ಕೇಳ್ತದೆ," ಎಂದರು.

ಅಕ್ಕನ ಬಗ್ಗೆ ನಾಲ್ಕು ಸಮಾಧಾನದ ಮಾತು ಹೇಳಬೇಕೆಂದೇ ಹೋಗಿದ್ದೆ. ಮೆಲ್ಲಗೆ ಶುರುಮಾಡಿದೆ, ಅರ್ಧಕ್ಕೇ ಅಳು ಬಂತು. ಮುಖ ಆಚೆ ತಿರುಗಿಸಿ ಸದ್ದಿಲ್ಲದೆ ಅಳಲು ನೋಡಿದೆ. ಅದೂ ಅವರಿಗೆ ಕೇಳಿಸಿತು.