ಜಮೈಕಾದ ಕಿಟಕಿ, ಬೇಗೂರಿನ ಬಾಗಿಲು

ಜಮೈಕಾ ದ್ವೀಪದ ಆ ಮನೆಯ ಬಗ್ಗೆ ನಾನು ಓದಿದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಮೂಲೆ ಮಡಚಿ ಹೋಗಿದ್ದ ಹಳೆಯ ಪತ್ರಿಕೆಯೊಂದರಲ್ಲಿ. ಸೂಟಿನ ಇಸ್ತ್ರಿ ಕೆಡದಂತೆ ಹತ್ತು ಜನರನ್ನು ಹೊಡೆದುರುಳಿಸುವ, ಲೋಕಕ್ಕೆಲ್ಲ ಗೊತ್ತಿರುವ ಆ ಇಂಗ್ಲಿಷ್ ಗೂಢಚಾರ ಹುಟ್ಟಿದ್ದು ಆ ದ್ವೀಪದಲ್ಲಂತೆ. ಅವನನ್ನು ಬರೆದಾತ ಪ್ರತಿ ಚಳಿಗಾಲವೂ ಅಲ್ಲಿಗೆ ಹೋಗಿ, ಕಡಲಂಚಿನಲ್ಲಿ ತಾನೇ ಕಟ್ಟಿಸಿದ ಮನೆಯಲ್ಲಿ ಎರಡು ತಿಂಗಳು ಇರುತ್ತಿದ್ದ. ಬೆಳಗ್ಗೆ ಎದ್ದು ಈಜು. ಆಮೇಲೆ ಸಮುದ್ರ ಕಾಣದಂತೆ ಕಿಟಕಿಯ ಮರದ ಪಟ್ಟಿಗಳನ್ನು ಮುಚ್ಚಿಕೊಂಡು ಮಧ್ಯಾಹ್ನದವರೆಗೆ ಬರವಣಿಗೆ. ಗೂಢಚಾರನಿಗೊಂದು ಹೆಸರು ಬೇಕಾದಾಗ, ಆ ಸೀಮೆಯ ಹಕ್ಕಿಗಳ ಬಗ್ಗೆ ಪುಸ್ತಕ ಬರೆದವನ ಹೆಸರನ್ನೇ ಎತ್ತಿಕೊಂಡನಂತೆ.

ನರ್ಸ್ ಎರಡು ಸಲ ಕರೆದರೂ ನನಗೆ ಕೇಳಿಸಿರಲಿಲ್ಲ.

ನಮ್ಮ ಕಾನ್ವೆಂಟಿನಲ್ಲಿ ಆ ಪುಸ್ತಕಗಳು ಸಿಕ್ಕಿಬಿದ್ದರೆ ಮನೆಗೆ ಪತ್ರ ಹೋಗುತ್ತಿತ್ತು. ಗೆಳತಿಯೊಬ್ಬಳು ಒಂದಕ್ಕೆ ಕಂದು ಕಾಗದದ ಹೊದಿಕೆ ಹಾಕಿ, ಮೇಲೆ ‘ಮಾರಲ್ ಸೈನ್ಸ್’ ಎಂದು ದುಂಡಗೆ ಬರೆದು ತಂದಿದ್ದಳು. ಇಡೀ ತರಗತಿ ಸರದಿಯ ಮೇಲೆ ಓದಿತು. ನನಗೂ ಇಂಥದ್ದೊಂದನ್ನು ಬರೆಯುವ ಆಸೆ ಹುಟ್ಟಿದ್ದು ಆಗಲೇ. ಮದುವೆಯಾದ ಮೇಲೆ ಮೂರು ಸಲ ಶುರು ಮಾಡಿದೆ. ಪೀಣ್ಯದ ಕಾರ್ಖಾನೆಯೊಂದರ ಟೆಲಿಫೋನ್ ಆಪರೇಟರ್ ಹೆಂಗಸು, ಕೇಳಬಾರದ ಮಾತೊಂದನ್ನು ಕೇಳಿಸಿಕೊಂಡ ಕಥೆ. ಮೂರು ನೋಟ್‌ಬುಕ್ಕುಗಳೂ ಮೂರನೇ ಅಧ್ಯಾಯದಲ್ಲೇ ನಿಂತು ಟ್ರಂಕು ಸೇರಿದವು. ಹೆಪ್ಪಿಗೆ ಮೊಸರು ಕೇಳಿಕೊಂಡು ಯಾರಾದರೂ ಬರುತ್ತಿದ್ದರು, ಕೂತು ಹರಟುತ್ತಿದ್ದರು. ‘ಬರೆಯುತ್ತಿದ್ದೇನೆ, ಆಮೇಲೆ ಬನ್ನಿ’ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಈ ಸಲ ನಾನೂ ಎರಡು ತಿಂಗಳು ಇಟ್ಟುಕೊಂಡೆ, ಸಂಕ್ರಾಂತಿಯಿಂದ ಯುಗಾದಿಯವರೆಗೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಬಸ್ಸಿಗೆ ಯಜಮಾನರು ಹೊರಟ ಮೇಲೆ, ಒಂಬತ್ತರಿಂದ ಹನ್ನೆರಡರವರೆಗೆ ಬಾಗಿಲಿಗೆ ಚಿಲಕ.

ನಾವಿರುವುದು ಬೇಗೂರಿನ ಹಳೆಯ ಊರೊಳಗೆ. ಎದುರುಬದುರು ಎರಡು ಮನೆ, ನಡುವೆ ಒಂದೇ ಅಂಗಳ. ಎದುರಿನದು ಓನರಮ್ಮನದು. ಊರಾಚೆ ಈಗ ಅಪಾರ್ಟ್‌ಮೆಂಟುಗಳು ಎದ್ದಿರುವ ಕಡೆ ಮೊದಲು ಅವರ ರಾಗಿ ಹೊಲವಿತ್ತು. ನಾಲ್ಕನೇ ದಿನವೇ ಬಾಗಿಲು ಬಡಿದರು.

“ಯಾಕವ್ವಾ, ಮೈಯಾಗ್ ಉಸಾರಿಲ್ವಾ?”

“ಚೆನ್ನಾಗಿದ್ದೀನಿ ಅಮ್ಮ. ಸ್ವಲ್ಪ ಕೆಲಸ ಇತ್ತು.”

ಏನು ಕೆಲಸವೆಂದು ಹೇಳಲು ನಾಚಿಕೆಯಾಯಿತು. ತಪ್ಪಿದ್ದು ಅಲ್ಲೇ. ಮರುದಿನದಿಂದ ಅವರು ಅವರೆಕಾಯಿ ಮೊರ ಇಟ್ಟುಕೊಂಡು ನನ್ನ ಬಾಗಿಲಿಗೆ ಎದುರಾಗಿ ಕೂರತೊಡಗಿದರು. ಕೈ ಕಾಯಿ ಸುಲಿಯುತ್ತಿತ್ತು, ಕಣ್ಣು ಚಿಲಕದ ಮೇಲಿರುತ್ತಿತ್ತು. ಗೂಢಚಾರರ ಕಥೆ ಬರೆಯುತ್ತಿದ್ದ ನನ್ನ ಮೇಲೇ ಕಾವಲು. ಹೂವಿನವಳು ಹೂವು ಅಳೆಯುತ್ತಾ ಪಿಸುಗುಟ್ಟಿದಳು: “ಅಕ್ಕಾ, ನೀವ್ ಒಳಗೆ ಯಾವ್ದೋ ಮಾಟದ ಪೂಜೆ ಮಾಡ್ತೀರಂತೆ, ನಿಜಾನಾ?”

ಮೂರನೇ ವಾರ ಓನರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಬಂದರು.

“ನೋಡವ್ವಾ, ಒಸ್ಲು ತೊಳ್ದು, ರಂಗೋಲೆ ಬುಟ್ಟು, ಆಮ್ಯಾಕೆ ಬಾಗ್ಲು ಆಕ್ಕಂಡ್ರೆ ಲಕ್ಸ್ಮಿ ಯಾವ್ ಸಂದೀಲಿ ಬಂದಾಳು? ನಮ್ಮತ್ತೆ ಸತ್ತ ನಕ್ಸತ್ರ ಸರ್ಯಾಗಿಲ್ಲಾಂತ ಮೂರ್ ತಿಂಗ್ಳು ಈ ಬಾಗ್ಲು ಮುಚ್ಚಿದ್ವಿ. ಅದ್ಬುಟ್ರೆ ಈಗ ನೀನೇ. ಬಾಗ್ಲು ತಗೀ, ಇಲ್ಲಾಂದ್ರೆ ಬೇರೆ ಮನೆ ನೋಡ್ಕೊ.”

ನಾನು ಮತ್ತೆ ಮೂರನೇ ಅಧ್ಯಾಯದಲ್ಲೇ ಇದ್ದೆ. ಈಗ ಚಿಲಕ ತೆಗೆದರೆ ಈ ನೋಟ್‌ಬುಕ್ಕೂ ಟ್ರಂಕಿಗೆ ಹೋಗುತ್ತದೆಂದು ಖಚಿತವಾಗಿ ಗೊತ್ತಿತ್ತು. ಅವರನ್ನು ಒಳಗೆ ಕರೆದು ನನ್ನ ಕುರ್ಚಿಯ ಮೇಲೆ ಕೂರಿಸಿದೆ. ಬರೆದ ಹಾಳೆಗಳನ್ನು ತೋರಿಸಿದೆ. ಆಪರೇಟರ್ ಹೆಂಗಸಿನ ಕಥೆ, ಆ ದ್ವೀಪ, ಕಿಟಕಿ ಮುಚ್ಚಿ ಬರೆದವನು, ಹಕ್ಕಿ ಪುಸ್ತಕದಿಂದ ಬಂದ ಹೆಸರು, ಎಲ್ಲವನ್ನೂ ಹೇಳಿದೆ. ಅವರು ಒಂದೊಂದು ಹಾಳೆಯ ಅಂಚನ್ನೂ ಸೀರೆಯ ಬಟ್ಟೆ ನೋಡುವ ಹಾಗೆ ಬೆರಳಲ್ಲಿ ಮುಟ್ಟಿ ನೋಡಿದರು.

“ಆವಪ್ಪ ಒಳಗ್ ಕೂತ್ ಬರೀವಾಗ ಅಡ್ಗೆ ಯಾರ್ ಮಾಡ್ತಿದ್ರು?”

“ಅಲ್ಲಿಯವಳೇ ಒಬ್ಬ ಹೆಂಗಸು ಇದ್ದಳಂತೆ.”

“ಅವ್ಳೆಸ್ರೇನು?”

ಪತ್ರಿಕೆಯಲ್ಲಿ ಹಕ್ಕಿ ಪುಸ್ತಕದವನ ಹೆಸರಿತ್ತು. ಅವಳದು ಇರಲಿಲ್ಲ. ಹಾಗೆಂದೆ.

“ಅಂಗೇಳು ಮತ್ತೆ. ಅವ್ನಿಗೆ ಉಣ್ಣಾಕಿಕ್ಕಾಕೆ, ಬಾಗ್ಲಿಗ್ ಬಂದೋರ್ನ ಕಳ್ಸಾಕೆ ಜನ ಇತ್ತು. ನಿಂಗ್ಯಾರವ್ರೆ?”

“ಯಾರೂ ಇಲ್ಲಮ್ಮ. ಅದಕ್ಕೇ ಚಿಲಕ.”

ಅವರು ಎದ್ದು ಚಿಲಕವನ್ನು ಒಮ್ಮೆ ಎಳೆದು ನೋಡಿದರು.

“ಏಟ್ ದಿನ?”

“ಯುಗಾದಿವರೆಗೆ.”

“ಬಾಗ್ಲು ಮುಚ್ಚಂಗಿಲ್ಲ. ಮೆಟ್ಲು ಮ್ಯಾಲೆ ನಾನ್ ಕೂತಿರ್ತೀನಿ. ಅದ್ಯಾವನ್ ಒಳಕ್ ಬತ್ತಾನೋ ನೋಡಾವ.”

“ಹಾಗಾದ್ರೆ ನೀವೂ ಹನ್ನೆರಡರವರೆಗೆ ನನ್ನ ಮಾತಾಡಿಸೋ ಹಾಗಿಲ್ಲ,” ಎಂದೆ. ಹಿರಿಯರಿಗೆ ನಾನು ಹಾಕಿದ ಮೊದಲ ಷರತ್ತು ಅದು. ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಅಬ್ಬಬ್ಬಾ! ಆಗ್ಲೇಳಿ ಮೇಡಮ್ಮೋರೇ,” ಎಂದು ನಕ್ಕು ಹೋದರು.

ಮರುದಿನ ಮೇಜನ್ನು ಗೋಡೆಗೆ ತಿರುಗಿಸಿ, ತೆರೆದ ಬಾಗಿಲಿಗೆ ಬೆನ್ನು ಹಾಕಿ ಕೂತೆ. ಪಕ್ಕದ ಸೈಟಿನಲ್ಲಿ ಡ್ರಿಲ್ಲಿಂಗ್, ರಸ್ತೆಯಲ್ಲಿ ನೀರಿನ ಟ್ಯಾಂಕರ್ ಹಿಂದಕ್ಕೆ ಬರುವ ಪೀಂ ಪೀಂ. ಮೊದಲ ಅರ್ಧ ಗಂಟೆ ಒಂದು ಸಾಲೂ ಬರಲಿಲ್ಲ. ಆದರೂ ಏಳಲಿಲ್ಲ. ಹೂವಿನವಳ ದನಿ ಕೇಳಿಸಿತು, ಅದರ ಹಿಂದೆಯೇ ಓನರಮ್ಮನದು: “ಓಗ್ ಓಗು, ಮಧ್ಯಾನ ಬಾ. ಒಳಗ್ ಕೆಲ್ಸ ನಡೀತೈತೆ.” ಬೆನ್ನ ಹಿಂದೆ ಯಾರೋ ಬಂದರು, ಯಾರೋ ಹೋದರು. ಸಾಲು ಒಂದಕ್ಕೊಂದು ಸೇರುತ್ತಾ ಬಂತು. ಆಪರೇಟರ್ ಕಿವಿಗೆ ಫೋನು ಹಿಡಿದು ಉಸಿರು ಬಿಗಿಹಿಡಿದಳು.

ಹನ್ನೊಂದೂವರೆಯ ಹೊತ್ತಿಗೆ ಮೆಟ್ಟಿಲ ಮೇಲಿದ್ದವರಿಗೆ ತಡೆಯಲಾಗಲಿಲ್ಲ.

“ಏನವ್ವಾ, ಆ ಫೋನಮ್ಮ ಅದೇನ್ ಕೇಳಿಸ್ಕಂಡ್ಳು?”

ನಾನು ತಿರುಗದೆ ಎಡಗೈ ಎತ್ತಿ ತಡೆದೆ. ಬಲಗೈ ಪುಟ ಮಗುಚಿ, ಮೇಲ್ಗಡೆ ‘ನಾಲ್ಕು’ ಎಂದು ಬರೆಯಿತು.