ಊದುಬತ್ತಿಯಿಲ್ಲದ ಪೂಜೆ

ಚಳಿಗಾಲ ಬಂತೆಂದರೆ ಗಾಂಧಿಬಜಾರಿನ ತಳ್ಳುಗಾಡಿಗಳಲ್ಲಿ ಸಾಲಾಗಿ ಕೂರುವ ಸ್ಟ್ರಾಬೆರಿ ಡಬ್ಬಗಳನ್ನು ನೀವೂ ನೋಡಿರುತ್ತೀರಿ. ಮುಚ್ಚಳಕ್ಕೆ ತೂತುಗಳಿರುವ ಆ ಪ್ಲಾಸ್ಟಿಕ್ ಡಬ್ಬದೊಳಗೆ ಹಣ್ಣುಗಳು, ಮದುವೆಮನೆಯ ಫೋಟೋಕ್ಕೆ ನಿಂತ ಬೀಗರಂತೆ ಒತ್ತಿಕೊಂಡು, ಕೆಂಪಗೆ ಹೊಳೆಯುತ್ತಿರುತ್ತವೆ. ಆ ಬಣ್ಣಕ್ಕೆ ಮರುಳಾಗಿ ನಾನು ಪ್ರತಿ ವರ್ಷ ಒಂದು ಡಬ್ಬ ತರುತ್ತೇನೆ, ಪ್ರತಿ ವರ್ಷ ಅಮ್ಮನಿಂದ ಬೈಸಿಕೊಳ್ಳುತ್ತೇನೆ. ಎಂಬತ್ತು ದಾಟಿದ ನಮ್ಮಮ್ಮನ ಮೂಗು ತ್ಯಾಗರಾಜನಗರದ ನಮ್ಮ ಬೀದಿಗೇ ಹೆಸರಾದದ್ದು. ಎದುರುಮನೆಯಲ್ಲಿ ತುಪ್ಪ ಕಾಯುತ್ತಿದ್ದರೆ ನಮ್ಮ ಜಗುಲಿಯಿಂದಲೇ "ಇಳಿಸ್ರಮ್ಮಾ, ಹದ ಮೀರ್ತಿದೆ" ಎಂದು ಕೂಗುವಷ್ಟು ಚುರುಕು. ಡಬ್ಬ ಬಿಚ್ಚಿ ಒಂದು ಹಣ್ಣನ್ನು ಮೂಸಿ, "ಇದಕ್ಕೆ ಬರೀ ಮುಖ ಇದೆ ಕಣೋ, ಮಾತಿಲ್ಲ" ಎಂದು ಆಕೆ ಪಕ್ಕಕ್ಕಿಡುವುದು ನಮ್ಮ ಮನೆಯ ಚಳಿಗಾಲದ ವಾಡಿಕೆ.

ಇಂಥ ಮಾತಿಗೆ ನಕ್ಕು ಸುಮ್ಮನಾಗುವುದು ನನ್ನ ಜಾಯಮಾನ. ಚಾಮರಾಜಪೇಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ನನ್ನ ಹೆಂಡತಿ ವಾರಿಜಾ ಹಾಗಲ್ಲ, ಅತ್ತೆಯ ಮಾತನ್ನು ಸವಾಲೆಂದೇ ತೆಗೆದುಕೊಂಡಳು. ಕೋಟಗಿರಿಯ ಗೆಳತಿಯ ಹಿತ್ತಲಲ್ಲಿ ತಾನಾಗಿ ಹಬ್ಬಿದ್ದ ನೀಲಗಿರಿಯ ಕಾಡು ಸ್ಟ್ರಾಬೆರಿಯ ಬಳ್ಳಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ತಾರಸಿಯ ಕುಂಡದಲ್ಲಿ ನೆಟ್ಟಳು. ಅದರ ಹಣ್ಣು ಕಿರುಬೆರಳಿನ ಉಗುರಿನಷ್ಟೇ, ಬಣ್ಣವೋ ಬಿಳಿಚಿಕೊಂಡ ಗುಲಾಬಿ. ಆದರೆ ಅದರ ಘಮ ಮೆಟ್ಟಿಲಿಳಿದು ಅಡುಗೆಮನೆಯವರೆಗೆ ಬರುತ್ತಿತ್ತು ಎಂದು ಅತ್ತೆ ಸೊಸೆ ಇಬ್ಬರೂ ಸಾಕ್ಷಿ ಹೇಳುತ್ತಾರೆ. ಪೇಟೆಯ ಹಣ್ಣಿನ ಮೈಯಲ್ಲಿ ಕಾಡಿನ ಹಣ್ಣಿನ ಪರಿಮಳವನ್ನು ಕೂಡಿಸಬೇಕೆಂಬುದು ವಾರಿಜಾಳ ಹಟ. ಹುಚ್ಚು ಎಂದು ನಗಬೇಡಿ. ಈ ಪೇಟೆಯ ಸ್ಟ್ರಾಬೆರಿಯೂ ಹಿಂದೊಮ್ಮೆ ಅಮೆರಿಕದ ಎರಡು ದಿಕ್ಕಿನ ಕಾಡುಗಿಡಗಳು ಯುರೋಪಿನ ತೋಟವೊಂದರಲ್ಲಿ ಅಕ್ಕಪಕ್ಕ ಬೆಳೆದು ಪಡೆದ ಮಗುವೇ ಅಂತೆ. ತಳಿ ಕಟ್ಟುವವರು ಇಂದಿಗೂ ರೋಗ ತಡೆಯುವ ಶಕ್ತಿಗೆಂದೋ ರುಚಿಗೆಂದೋ ಆ ಗಿಡವನ್ನು ಕಾಡಿನ ನಂಟಿಗೆ ಮರಳಿಸುತ್ತಾರೆ, ಬಡವಾದ ಮಗಳು ತವರಿಗೆ ಹೋಗಿ ನಾಲ್ಕು ದಿನ ಉಂಡು ಬರುವ ಹಾಗೆ.

ಅವಳು ಕೆಲಸ ಮಾಡುವುದನ್ನು ನೋಡುತ್ತ ಕೂರುವುದು ನನಗೊಂದು ಸುಖ. ಪಕ್ಕದ ಕುಂಡದಲ್ಲಿ ಬೆಳೆಸಿದ ಪೇಟೆಯ ತಳಿಯ ಗಿಡದ ಮೊಗ್ಗು ಅರಳುವ ಮೊದಲೇ ಅದರ ಕೇಸರಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತು, ಕಾಡುಹೂವಿನ ಪರಾಗವನ್ನು ಕುಂಚದ ತುದಿಯಿಂದ ಸವರಿ, ಜೇನುಹುಳ ನಡುವೆ ತಲೆಹಾಕದಂತೆ ನನ್ನ ಹಳೆಯ ಪಂಚೆ ಹರಿದು ಹೊಲಿದ ಪುಟ್ಟ ಚೀಲವನ್ನು ಕಟ್ಟುತ್ತಾಳೆ. ಪಂಚೆ ಹಳೆಯದಾಯಿತೆಂದು ತೀರ್ಮಾನಿಸಿದವಳೂ ಅವಳೇ. ಸಂಡಿಗೆ ಒಣಹಾಕಲು ತಾರಸಿಗೆ ಬಂದ ಪಕ್ಕದ ಮನೆಯಾಕೆ, ತುಳಸಿಯ ಮಗ್ಗುಲಲ್ಲಿ ತೂಗುತ್ತಿದ್ದ ಆ ಚೀಲಗಳನ್ನು ಹರಕೆಯ ಗಂಟೆಂದೇ ತಿಳಿದು ಕೈಮುಗಿದು ಹೋದರು. ವಾರಿಜಾ ತಿದ್ದಲು ಹೋಗಲಿಲ್ಲ. ಹರಕೆಯೇ ಬೇಕಾದಂಥ ಕೆಲಸ ಅದು. ಪೇಟೆಯ ಗಿಡಕ್ಕೆ ವರ್ಣತಂತುಗಳ ಎಂಟು ಕಟ್ಟು, ಕಾಡಿನದಕ್ಕೆ ಎರಡೇ; ತಾಯಿ ತಂದೆ ಅರ್ಧರ್ಧ ಕೊಟ್ಟರೆ ಮಗುವಿಗೆ ಬರುವುದು ಐದು, ಆ ಐದನ್ನು ಮುಂದಿನ ತಲೆಮಾರಿಗೆ ಸಮಪಾಲು ಮಾಡಲಾಗದೆ ಗಿಡ ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ. ಎಲ್ಲೋ ಅಪರೂಪಕ್ಕೆ ಒಂದು ಕಚ್ಚಿದರೆ ಪುಣ್ಯ.

ಈ ನಡುವೆ ಕೆಟ್ಟ ಜ್ವರವೊಂದು ಬಂದು ವಾರಿಜಾಳ ಮೂಗಿನ ಶಕ್ತಿಯನ್ನು ಪೂರ್ತಿ ಒಯ್ದುಬಿಟ್ಟಿತು. ಕಾಫಿ ಅವಳಿಗೆ ಕಹಿ ಬಿಸಿನೀರಾಯಿತು, ಮಲ್ಲಿಗೆ ಬರೀ ಬಿಳಿ ಹೂವಾಯಿತು. ಇಂದು ಬಂದೀತು ನಾಳೆ ಬಂದೀತು ಎಂದು ಕಾದದ್ದೇ ಬಂತು. ಪರಿಮಳದ ಬೆನ್ನು ಹತ್ತಿದವಳಿಗೇ ಹೀಗಾಯಿತಲ್ಲ ಎಂದು ನನಗೆ ಅಳುವೇ ಬಂದಿತ್ತು. ಇನ್ನು ಕುಂಡಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತಾಳೆಂದುಕೊಂಡೆ. ಅವಳು ಮಾತ್ರ, ತಾನೆಂದೂ ಮೂಸಲಾಗದ ಹಣ್ಣಿಗಾಗಿ, ದಿನವೂ ಬೆಳಗ್ಗೆ ತಾರಸಿ ಹತ್ತಿ ಗಿಡಗಳಿಗೆ ನೀರುಣಿಸಿದಳು. ಇಷ್ಟು ವರ್ಷ ಜೊತೆಗಿದ್ದವಳನ್ನು ಆಗ ಹೊಸದಾಗಿ ಮೆಚ್ಚಿದೆ.

ಹೋದ ಚಳಿಗಾಲದಲ್ಲಿ ಒಂದು ಮಿಶ್ರಗಿಡ ಒಂದೇ ಒಂದು ಹಣ್ಣು ಬಿಟ್ಟಿತು. ಅಡಿಕೆಯ ಗಾತ್ರ, ಸೊಟ್ಟ ಮೂತಿ, ಮೈಮೇಲೆ ಅಲ್ಲೊಂದು ಇಲ್ಲೊಂದು ಗಟ್ಟಿ ಬೀಜ. ಕಾಡಿನ ಘಮ ಅದರೊಳಗೆ ಬಂದಿದೆಯೋ ಇಲ್ಲವೋ ಎಂದು ಹೇಳಬೇಕು, ಸಂಜೆಯೊಳಗೆ ಅದು ಮಾಸಿಹೋಗುವ ಮುನ್ನ ಹೇಳಬೇಕು. ನನ್ನ ಮೂಗು ಬೆಂಗಳೂರಿನ ಥಂಡಿಗೆ ಶರಣಾಗಿ ಎಷ್ಟೋ ಕಾಲವಾಗಿದೆ. ಉಳಿದದ್ದು ಅಮ್ಮನ ಮೂಗು. ಆದರೆ ಗಿಡದ ಮೊದಲ ಹಣ್ಣು ದೇವರದು, ಮೂಸಿದ್ದು ದೇವರಿಗೆ ಸಲ್ಲದು ಎಂಬುದು ಅಮ್ಮ ಜೀವಮಾನವಿಡೀ ನಡೆಸಿಕೊಂಡು ಬಂದ ನೇಮ. ಪೂಜೆಯಾದ ಮೇಲೆ ಮೂಸೋಣವೆಂದರೆ, ಊದುಬತ್ತಿ, ಕರ್ಪೂರ, ಮಲ್ಲಿಗೆಗಳ ನಡುವೆ ಕೂತು ಬಂದ ಪುಟ್ಟ ಹಣ್ಣಿನಲ್ಲಿ ಅದರದೇ ವಾಸನೆ ಏನುಳಿದೀತು? ಇದೆಲ್ಲ ಗೊತ್ತಿದ್ದೂ ವಾರಿಜಾ ಹಣ್ಣನ್ನು ಬಾಳೆಲೆಯ ಚೂರಿನ ಮೇಲಿಟ್ಟು, "ಮೊದಲ್ನೇದು ಅತ್ತೆ, ನೈವೇದ್ಯಕ್ಕಿಡಿ" ಎಂದಳು.

ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಒಂದ್ಸಲ ಮೂಸ್ಬಿಡೇ, ದೇವ್ರೇನೂ ಬೇಜಾರ್ ಮಾಡ್ಕೊಳಲ್ಲ" ಎಂದೆ.

"ನೀನು ಸುಮ್ನಿರು" ಎಂದು ಅಮ್ಮ ಒಳಗೆ ಹೋದಳು.

ಗಂಟೆ ಬಾರಿಸಿದ್ದು ಕೇಳಿಸಿ ಇಣುಕಿದೆ. ಊದುಬತ್ತಿ ಹಚ್ಚಿರಲಿಲ್ಲ. ಕರ್ಪೂರದ ತಟ್ಟೆ ಖಾಲಿ. ದೇವರ ತಲೆಯ ಮೇಲೆ ಮಲ್ಲಿಗೆಯ ಬದಲು ವಾಸನೆಯಿಲ್ಲದ ದಾಸವಾಳ. ನಾನು ಕಂಡಂತೆ ಆ ಕೋಣೆಯಲ್ಲಿ ಹೊಗೆಯಾಡದ ಬೆಳಗು ಅದೊಂದೇ. ನೈವೇದ್ಯ ಮುಗಿಸಿ, ಹಣ್ಣನ್ನು ಮೂಗಿನ ಹತ್ತಿರ ತಂದು ಅಮ್ಮ ಕಣ್ಣು ಮುಚ್ಚಿದಳು. ವಾರಿಜಾ ಹೊಸ್ತಿಲಲ್ಲಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು.

"ಬಾ ಇಲ್ಲಿ, ಹೇಳ್ತೀನಿ ಕೇಳು. ನೀನು ಒಲೆ ಮುಂದೆ ನಿಂತು ಹಾಲು ಕಾಯಿಸ್ತಿದೀಯ. ಮೂರು ಮನೆ ಆಚೆ ಯಾರೋ ಹಲಸಿನ್ ಹಣ್ಣು ಬಿಡಿಸ್ತಿದಾರೆ. ಹಾಗಿದೆ."

"ಹಾಲು ಜಾಸ್ತಿನಾ ಅತ್ತೆ, ಹಲಸು ಜಾಸ್ತಿನಾ?"

"ಮೊದ್ಲು ಹಾಲು, ಆಮೇಲೆ ಹಲಸು. ಬಂದಿದೆ ಕಣೇ, ಕಾಡಿನ್ ಹಣ್ಣಿಂದು ಬಂದಿದೆ."

ವಾರಿಜಾ ನಗುತ್ತಲೇ ಅತ್ತಳು. ದೇವರಿಗೆ ಊದುಬತ್ತಿ ನಾಳೆ ಹಚ್ಚಿದರಾಯಿತು ಎಂದುಕೊಂಡು ಅಮ್ಮ ಕಾಫಿಗೆ ಕೂತಳು.

ಪ್ರಸಾದವನ್ನು ಮೂವರೂ ಹಂಚಿಕೊಂಡೆವು. ಅದಕ್ಕೆ ಮೊದಲು ಬೀಜಗಳನ್ನೆಲ್ಲ ಚಿಮಟದಿಂದ ಬಿಡಿಸಿಟ್ಟಿದ್ದಾಯಿತು. ಬಿತ್ತುವುದಕ್ಕೆ ತೂತುಮುಚ್ಚಳದ ಪೆಟ್ಟಿಗೆ ಬೇಕೆಂದಾಗ ನಾನು ತಂದಿದ್ದ ಆ ಪ್ಲಾಸ್ಟಿಕ್ ಡಬ್ಬವೇ ಒದಗಿತು. ಈಗ ಅಮ್ಮ ದಿನವೂ ಮಂಡಿ ಹಿಡಿದುಕೊಂಡು ತಾರಸಿಗೆ ಹತ್ತಿ, ಮುಚ್ಚಳ ತೆಗೆದು ಮೂಸಿ, ಕೆಳಗಿರುವ ಸೊಸೆಗೆ ವರದಿ ಒಪ್ಪಿಸುತ್ತಾಳೆ: ಇವತ್ತು ನೀರು ಹೆಚ್ಚಾಗಿದೆ, ಇವತ್ತು ಹದವಾಗಿದೆ. ಈ ಬೆಳಗ್ಗೆ ಹತ್ತಿದವಳು ಎಷ್ಟು ಹೊತ್ತಾದರೂ ಏನೂ ಹೇಳದಿದ್ದಾಗ ವಾರಿಜಾ ಅಂಗಳದಿಂದಲೇ "ಏನಾಯ್ತು ಅತ್ತೆ?" ಎಂದು ಕೂಗಿದಳು.

ತಾರಸಿಯ ಮೋಟುಗೋಡೆಯ ಮೇಲಿಂದ ಬಾಗಿ ಅಮ್ಮ ಹೇಳಿದಳು: "ಎರಡು ಹಸಿರು ಚುಕ್ಕಿ ಎದ್ದಿದೆ ಕಣೇ. ಮಾತು ಇನ್ನೂ ಬಂದಿಲ್ಲ, ಉಸಿರು ಬಂದಿದೆ."